ಆಯುಧಪೂಜೆಯ ಬೀಗ

ಕಾಲೇಜಿನ ಸರ್ವರ್‌ನಲ್ಲಿದ್ದ ಪರೀಕ್ಷೆಯ ಅಂಕಗಳೆಲ್ಲ ದಸರಾ ರಜೆ ಮುಗಿಯುವಷ್ಟರಲ್ಲಿ ಮಾಯವಾಗಿದ್ದವು. ತಪ್ಪನ್ನು ಗುಮಾಸ್ತೆ ವನಮಾಲಾಳ ತಲೆಗೆ ಕಟ್ಟಿದ್ದರು. ಹದಿನೆಂಟು ವರ್ಷದ ನೌಕರಿ ಉಳಿಯುತ್ತದೋ ಇಲ್ಲವೋ ಎಂಬುದು ಇವತ್ತಿನ ತನಿಖೆಯಲ್ಲಿ ತೀರ್ಮಾನವಾಗಬೇಕಿತ್ತು.

"ರಜೆಗೆ ಮುಂಚೇನೇ ಇವರು ಅಳಿಸಿದ್ದಾರೆ," ಎಂದರು ಪ್ರಾಂಶುಪಾಲರು. "ಆಯುಧಪೂಜೆ ದಿನ ಬೆಳಿಗ್ಗೆ ನಾನೇ ಸರ್ವರ್ ಮಶೀನಿಗೆ ಕುಂಕುಮ ಇಟ್ಟು, ಹನ್ನೊಂದಕ್ಕೆಲ್ಲ ಎಲ್ಲರನ್ನೂ ಕಳಿಸಿ ಆ ರೂಮಿಗೆ ಬೀಗ ಹಾಕ್ದೆ. ಪೂಜೆಗಿಟ್ಟ ಮಶೀನನ್ನ ಅವತ್ತು ಮುಟ್ಟೋದುಂಟಾ? ಇರೋದು ಒಂದೇ ಕೀ. ನಾಲ್ಕು ದಿನಾನೂ ನನ್ನ ಜೇಬಲ್ಲೇ ಇತ್ತು."

ತನಿಖೆಗೆ ಬಂದಿದ್ದ ಅಧಿಕಾರಿ ಅದನ್ನು ಹಾಗೆಯೇ ಬರೆದುಕೊಂಡು, ಕೆಳಗೆ ಅವರ ಸಹಿ ಹಾಕಿಸಿಕೊಂಡರು. ಆಮೇಲೆ ತಾವು ಕರೆತಂದಿದ್ದ ತಂತ್ರಜ್ಞನ ಕಡೆ ತಿರುಗಿದರು.

"ಯಾರೂ ಫೈಲ್ ಅಳಿಸಿಲ್ಲ ಸರ್," ಎಂದ ಅವನು. "ಆಪರೇಟಿಂಗ್ ಸಿಸ್ಟಮ್ಮನ್ನೇ ಹೊಸದಾಗಿ ಹಾಕಿದ್ದಾರೆ. ಹಳೇದೆಲ್ಲ ಅದರಲ್ಲೇ ಹೋಗಿದೆ."

"ಯಾವಾಗ ಹಾಕಿದ್ದು ಅಂತ ಗೊತ್ತಾಗತ್ತಾ?"

"ಮಶೀನೇ ಬರೆದಿಟ್ಕೊಂಡಿರತ್ತೆ."

ಅವನು ಒಂದು ಸಾಲು ಟೈಪ್ ಮಾಡಿದ. ವನಮಾಲಾ ಕಣ್ಣು ಮುಚ್ಚಿಕೊಂಡಳು.

"ಆಯುಧಪೂಜೆ ದಿನ," ಎಂದು ಅವನು ಓದಿದ. "ಮಧ್ಯಾಹ್ನ ಮೂರು ಇಪ್ಪತ್ತು."