ನೆಟ್ಟಗಾದ ಮಣಿಕಟ್ಟು

"ನೋವಾದ್ರೆ ಆಗ್ಲಿ, ನುಡಿಸಿ!" ಎಂದು ಗದರಿದ ಗಿಟಾರ್ ಮೇಷ್ಟ್ರು, ಕಲಿಯಲು ಬಂದಿದ್ದ ದರ್ಜಿ ಹೆಂಗಸಿನ ಎಡ ಮಣಿಕಟ್ಟನ್ನು ಹಿಡಿದು ಇನ್ನಷ್ಟು ಒಳಕ್ಕೆ ಮಡಚಿದರು. ಮೊಣಕೈವರೆಗೂ ಚಳಕು ಹೊಡೆಯಿತು. ಅವಳು ಅವರ ಕೈಯನ್ನು ಕೊಡವಿದಳು.

"ಮುಟ್ಬೇಡಿ! ಬೆಳಗ್ಗೆ ಬಟ್ಟೆ ಹಿಡಿದಿದ್ದ ಈ ಕೈ ಸೋತು, ಗಿರಾಕಿಯ ಕೋಟನ್ನ ಅಡ್ಡಡ್ಡ ಕತ್ತರಿಸಿಬಿಟ್ಟೆ. ಇದು ನನ್ನ ಹೊಟ್ಟೆಪಾಡು ಸಾರ್. ಹೊಲಿಗೆ ಕಲಿಯೋಕೆ ಬರೋರಿಗೆ ಮೊದಲ ದಿನವೇ ಮಣಿಕಟ್ಟು ಮಡಚ್ಬೇಡಿ, ಆಗಾಗ ಕೈ ಸಡಿಲ ಬಿಡಿ ಅಂತೀನಿ. ನೀವು ನೋಡಿದ್ರೆ ಎರಡು ಗಂಟೆ ಉಸಿರಾಡೋಕೂ ಬಿಡಲ್ಲ!"

ಸಿಟ್ಟಿನಲ್ಲೇ ಅವಳು ಗಿಟಾರಿಗೆ ಕಟ್ಟಿದ್ದ ಹೆಗಲಿನ ಪಟ್ಟಿ ಬಿಗಿದು, ಅದರ ಉದ್ದನೆಯ ಕತ್ತನ್ನು ಮೇಲೆತ್ತಿ ಹಿಡಿದಳು. ಮಣಿಕಟ್ಟು ನೆಟ್ಟಗಾಯಿತು. ತಿಂಗಳಿನಿಂದ ಗೊರಗುಟ್ಟುತ್ತಿದ್ದ ತಂತಿಗಳು ಒಂದೇ ಮೀಟಿಗೆ ತಿಳಿಯಾಗಿ ಮೊಳಗಿದವು.

ಪಕ್ಕದಲ್ಲಿ ಅವಳಂತೆಯೇ ಗಿಟಾರ್ ಕಲಿಯಲು ಕೂತಿದ್ದ ಬಸ್ ಡ್ರೈವರ್ ಮೆಲ್ಲಗೆ ಅಂಗಿಯ ತೋಳು ಮೇಲೇರಿಸಿದ. ಮೊಣಕೈಗೆ ಬ್ಯಾಂಡೇಜು ಸುತ್ತಿತ್ತು. "ನನಗೂ ನೋವು ಶುರುವಾಗಿ ಮೂರು ತಿಂಗಳಾಯ್ತು ಅಕ್ಕಾ."

"ಮತ್ತೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರಾ?" ಎಂದು ಅವಳು ಅವನ ಮೇಲೂ ರೇಗಿದಳು.

ಅವನು ತಲೆ ತಗ್ಗಿಸಿದ. "ನನಗೆ ವಿದ್ಯೆ ಹತ್ತಲ್ಲ, ಅದಕ್ಕೇ ನೋವು ಅಂದ್ಕೊಂಡಿದ್ದೆ."

ಅವಳು ಮೇಷ್ಟ್ರ ಕಡೆ ತಿರುಗಿದಳು. "ಕೇಳಿಸ್ತಾ ಸಾರ್?"