ಕೊರಳಿನ ಹುಣ್ಣು

ಯಾದಗಿರಿಯ ಚರ್ಮದ ಡಾಕ್ಟರ್ ನಾಗಲಕ್ಷ್ಮಿ, ಗುರುದೇವಿಯ ಬೆನ್ನನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಬಗ್ಗಿ ನೋಡಿದರು. ಯಾವುದು ಮೈಗೆ ಒಗ್ಗುವುದಿಲ್ಲವೆಂದು ತಿಳಿಯಲು ಬೇರೆ ಬೇರೆ ಪದಾರ್ಥಗಳನ್ನು ಚೂರು ಚೂರೇ ಇಟ್ಟು ಸೋಮವಾರ ಬೆನ್ನಿಗೆ ಪಟ್ಟಿ ಅಂಟಿಸಿ, ಬುಧವಾರ ತೆಗೆದಿದ್ದರು. ಇವತ್ತು ಉಳಿದ ಜಾಗವೆಲ್ಲ ಸುಮ್ಮನಿತ್ತು. ಒಂದು ಕಡೆ ಮಾತ್ರ ಚರ್ಮ ಕೆಂಪಗೆ ಉಬ್ಬಿ ಸಣ್ಣ ಗುಳ್ಳೆಗಳೆದ್ದಿದ್ದವು.

“ಸಿಕ್ತು ನೋಡವ್ವ. ನಿನ್ನ ಮೈಗಿ ನಿಕ್ಕಲ್ ಅನ್ನೋ ಲೋಹ ಆಗಂಗಿಲ್ಲ. ನಕಲಿ ಸರದಾಗ, ಅಗ್ಗದ ಓಲ್ಯಾಗ ಇರ್ತದ. ಕೊಳ್ಳಾಗಿನ ಹುಣ್ಣಿಗೂ ಅದ ಕಾರಣ. ಈ ಸರ ಇವತ್ತ ತಗೀಬೇಕು.”

ಗುರುದೇವಿ ಕುಪ್ಪಸ ಸರಿಮಾಡಿಕೊಂಡಳು. “ಇದು ನಕಲಿ ಅಲ್ರಿ ಮೇಡಂ. ಅಚ್ಚ ಬಂಗಾರ. ಮದ್ವ್ಯಾಗ ನಮ್ಮಪ್ಪ ಮಾಡಿಸಿದ್ದು.”

ಡಾಕ್ಟರು ವಾದಕ್ಕಿಳಿಯಲಿಲ್ಲ. ಹತ್ತಿಯ ಮೇಲೆ ಎರಡು ಹನಿ ಔಷಧಿ ಹಾಕಿ ತಾಳಿಸರದ ಕೊಂಡಿಗೆ ಉಜ್ಜಿದರು. ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿತು. “ನಿಕ್ಕಲ್ ಇದ್ರನ ಹಿಂಗ ಆಗ್ತದ. ಇದಕ್ಕ ಮ್ಯಾಲಷ್ಟ ಬಂಗಾರದ ನೀರು ಕುಡಿಸ್ಯಾರ.”

ಗುರುದೇವಿ ಸ್ಟೂಲಿನ ಮೇಲೆ ಕೂತಿದ್ದ ಗಂಡ ಸಂಗಮನಾಥನ ಕಡೆ ತಿರುಗಿದಳು. ಅವನು ಗೋಡೆಯ ಮೇಲಿನ ಚಿತ್ರಪಟವನ್ನು ಬಹಳ ಆಸಕ್ತಿಯಿಂದ ಓದತೊಡಗಿದ್ದ.

“ದೀಪಾವಳಿ ಮುಂದ ಶಹಾಪುರದಾಗ ಪಾಲಿಷ್ ಮಾಡಿಸ್ಕೊಂಡು ಬರ್ತೀನಂತ ಒಯ್ದಿದ್ರಲ್ಲ. ತಂದುಕೊಟ್ಟಿದ್ದು ಇದೇನು?”

“ಅಂಗಡಿ ಹಾಕೋದಿತ್ತು... ಹೇಳಬೇಕಂತನ ಇದ್ದೆ. ಮನಿಗಿ ಹೋಗಿ ಮಾತಾಡೂಣು.”

“ನಾ ರಾತ್ರೆಲ್ಲ ಕೆರ್ಕೊಂತ ಕೂಡತಿದ್ದೆ. ನೀವು ಬಾಜೂಕ ಮಲಗಿರ್ತಿದ್ರಿ.”

“ಇದರಿಂದನ ಹುಣ್ಣಾಗ್ತದಂತ ನನಗೇನ ಗೊತ್ತು? ಖರೆ ಹೇಳ್ತೀನಿ, ಗೊತ್ತಿರಲಿಲ್ಲ.”

“ಆತು. ಮತ್ತ ಬಿಚ್ಚಿಡ್ತೀನಿ ಅಂದಾಗೆಲ್ಲ ಬ್ಯಾಡ ಅಂದಿದ್ದ್ಯಾಕ? ಗಂಡನ ಆಯುಷ್ಯ, ಮುತ್ತೈದಿತನ ಅಂತ ಇಲ್ಲದ್ದೆಲ್ಲ ಹೇಳಿದ್ರಿ.”

“ಬಿಚ್ಚಾಕ ಬಿಡಬ್ಯಾಡ ಅಂತ ಅವ್ವನ...” ಅಂದವನು ಬಾಗಿಲ ಕಡೆ ನೋಡಿದ.

ಗುರುದೇವಿಗೆ ಆಗ ಎಲ್ಲ ಹೊಳೆಯಿತು. ಬಿಚ್ಚಿಟ್ಟ ಸರ ಯಾರ ಕೈಗಾದರೂ ಸಿಗುತ್ತದೆ. ತವರಿಗೆ ಹೋದಾಗ ಅಪ್ಪ ಹಿಡಿದು ನೋಡಿದರೆ ತೂಕದಲ್ಲೇ ತಿಳಿಯುತ್ತದೆ. ಕೊರಳಲ್ಲಿದ್ದರೆ ಯಾರೂ ಮುಟ್ಟುವುದಿಲ್ಲ. ಇದಕ್ಕಾಗಿ ಅವಳ ಚರ್ಮ ಇಷ್ಟು ದಿನ ಕೀವು ಸುರಿಸಿತ್ತು. ಅವಳು ಎರಡೂ ಕೈಯಿಂದ ಸರವನ್ನು ತಲೆಯ ಮೇಲಿಂದ ಎಳೆದಳು. ಒಣಗಿದ ಹಕ್ಕಳೆ ಅದರ ಜೊತೆಗೇ ಕಿತ್ತು ಬಂತು. ಸರವನ್ನು ಮೇಜಿನ ಮೇಲಿಟ್ಟು, ಡಾಕ್ಟರು ಕೊಟ್ಟ ಹತ್ತಿಯನ್ನು ಗಾಯಕ್ಕೆ ಒತ್ತಿ ಹಿಡಿದು ಹೊರಗೆ ನಡೆದಳು.

ಹೊರಗಿನ ಬೆಂಚಿನ ಮೇಲೆ ಕೂತಿದ್ದ ಅತ್ತೆ ಗೊಲ್ಲಾಳಮ್ಮ ಸೊಸೆಯ ಬರಿಗೊರಳು ಕಂಡವರೇ ಎದ್ದು ನಿಂತರು.

“ಅಯ್ಯ ಶಿವನ! ಗಂಡ ಕಲ್ಲಿನಂಗ ಗಟ್ಟಿ ಇದ್ದಾಗ ಬರಿ ಕೊಳ್ಳಾಗ ಬಂದ್ಯಲ್ಲ! ನಾಚಿಕಿ ಮಾನ ಏನರ ಅದನ?”

ಕಾಯುತ್ತಿದ್ದ ರೋಗಿಗಳೆಲ್ಲ ತಿರುಗಿ ನೋಡಿದರು. ಹಿಂದೆಯೇ ಬಂದ ಸಂಗಮನಾಥ “ಅವ್ವಾ, ಸುಮ್ನಿರು” ಎಂದ.

ಗುರುದೇವಿ ಅತ್ತೆಯ ಎದುರು ಬಂದು ನಿಂತಳು. ಅವಳ ದನಿ ಇಡೀ ಪಡಸಾಲೆಗೆ ಕೇಳುವಷ್ಟು ಗಟ್ಟಿಯಾಗಿತ್ತು.

“ಬಂಗಾರ ಮಾರಿದ್ದು ನಿಮಗ ಮೊದಲ ಗೊತ್ತಿತ್ತು. ನಾ ಈಗ ತವರಿಗಿ, ಬಳಿಚಕ್ರದ ಬಸ್ಸಿಗಿ ಹೊಂಟೀನಿ, ನಮ್ಮಪ್ಪಗ ನಾನ ಹೇಳ್ತೀನಿ. ಆದ್ರ ನಿಮಗೊಂದು ಕೇಳಬೇಕಾಗ್ಯಾದ. ದಿನಾ ಸಂಜಿಗಿ ಬಾಜೂಕ ಕೂಡಿಸ್ಕೊಂಡು ಈ ಹುಣ್ಣಿಗಿ ಅರಿಷಿಣ ಹಚ್ತಿದ್ರಿ. ಸರ ಹಗೂರಕ ಎತ್ತಿ ಹಿಡೀತಿದ್ರಿ, ಹಚ್ತಿದ್ರಿ, ಮತ್ತ ಅಲ್ಲೇ ಇಳಿಸ್ತಿದ್ರಿ. ಕೈ ಹೆಂಗ ಬಂತ್ರಿ ಅತ್ತಿ?”