ಅಕ್ಕ ನಕ್ಕ ಭಾನುವಾರಗಳು

“ಒಂದು ಫೋಟೋ ಸಾಕು ಮಾಮ. ಅಮ್ಮ ನಗ್ತಿರೋದು,” ಎಂದಳು ಅಕ್ಕನ ಮಗಳು.

“ಒಂದಾ? ರಾಶಿ ಇದೆ ಬಾ!” ಡ್ರೈವಿಂಗ್ ಮೇಷ್ಟ್ರು ಲ್ಯಾಪ್‌ಟಾಪ್ ತೆರೆದು ಕುರ್ಚಿ ಎಳೆದು ಕೊಟ್ಟರು. ಅಕ್ಕ ತೀರಿಕೊಂಡ ಮೇಲೆ ಅವರ ದನಿಯಲ್ಲಿ ಗೆಲುವು ಕಂಡದ್ದು ಇದೇ ಮೊದಲು.

ಅಕ್ಕನಿಗೆ ಕ್ಯಾಮೆರಾ ಎಂದರೆ ಆಗದು. ಮುಂದಿನ ಹಲ್ಲೊಂದು ಬಿದ್ದ ಮೇಲಂತೂ ಯಾರಾದರೂ ಫೋನ್ ಎತ್ತಿದರೆ ಸಾಕು, ಬಾಯಿಗೆ ಬೀಗ ಜಡಿದುಕೊಂಡು, ತಪ್ಪು ಮನೆಯ ಬೆಲ್ ಒತ್ತಿದವರನ್ನು ನೋಡುವಂತೆ ನೋಡುತ್ತಿದ್ದಳು. ಆಲ್ಬಮ್ಮಿನ ತುಂಬ ಅದೇ ಮುಖ. ಆದರೆ ಭಾನುವಾರದ ವೀಡಿಯೊ ಕರೆಯಲ್ಲಿ, ತಮ್ಮನೊಬ್ಬನೇ ಎದುರಿಗಿದ್ದಾಗ, ಹಲ್ಲಿನ ಹಂಗಿಲ್ಲದೆ ನಗುತ್ತಿದ್ದಳು. ಆಗ ಮೇಷ್ಟ್ರು ಮೆಲ್ಲಗೆ ಬೆರಳು ಸರಿಸಿ ಪ್ರಿಂಟ್ ಸ್ಕ್ರೀನ್ ಕೀ ಒತ್ತಿಬಿಡುತ್ತಿದ್ದರು. ಸದ್ದಿಲ್ಲ, ಬೆಳಕಿಲ್ಲ. “ಏನೋ ಅದು ಕಳ್ಳನಗೆ?” ಎಂದು ಅವಳು ಕೇಳಿದರೆ, “ಏನಿಲ್ಲ ಬಿಡೇ.”

ಆ ಕೀ ತೋರಿಸಿಕೊಟ್ಟವಳು ಇದೇ ಹುಡುಗಿ. “ಇದನ್ನ ಒತ್ತಿದ್ರೆ ಸ್ಕ್ರೀನ್ ಮೇಲಿರೋದು ಹಾಗೇ ಸಿಗುತ್ತೆ ಮಾಮ. ಆದ್ರೆ…” ಎನ್ನುವಷ್ಟರಲ್ಲಿ, “ಆದ್ರೆ ಗೀದ್ರೆ ಬೇಡ, ಗೊತ್ತಾಯ್ತು,” ಎಂದಿದ್ದರು. ಸ್ಟಿಯರಿಂಗ್ ಕಲಿಯುವವರ ಕೈಗೆ ಕೊಟ್ಟು, ಪಕ್ಕದ ಸೀಟಿನಲ್ಲಿ ತಮ್ಮದೇ ಒಂದು ಬ್ರೇಕ್ ಇಟ್ಟುಕೊಂಡು ಜೀವನ ಕಳೆದವರು. ಮಾತಿನಲ್ಲೂ ಅದೇ ಅಭ್ಯಾಸ. ಎದುರಿನವರು ಎರಡನೇ ವಾಕ್ಯಕ್ಕೆ ಗೇರ್ ಬದಲಿಸುವ ಮೊದಲೇ ಇವರ ಕಾಲು ಬ್ರೇಕಿನ ಮೇಲಿರುತ್ತಿತ್ತು.

“ಎಲ್ಲಿಟ್ಟಿದ್ದೀರಾ ಮಾಮ?”

“ಇಡೋದೇನು ಬಂತು? ಒತ್ತಿದ್ದೀನಲ್ಲ, ಒಳಗೇ ಇರ್ತವೆ. ಹುಡುಕು.”

ಅವಳು ಹುಡುಕಿದಳು. ರಸ್ತೆ ಚಿಹ್ನೆಗಳು ಸಿಕ್ಕವು, ಕಾರಿನ ಟೈರಿನ ಚಿತ್ರಗಳು ಸಿಕ್ಕವು. ಅವಳ ಕೈ ನಿಂತಿತು. “ಒತ್ತಿದ ಮೇಲೆ ಎಲ್ಲಾದ್ರೂ ಪೇಸ್ಟ್ ಮಾಡಿ ಸೇವ್ ಮಾಡ್ತಿದ್ರಾ?”

“ಅದ್ಯಾಕೆ?”

“ಆ ಕೀ ಬರೀ ಕೈಯಲ್ಲಿ ಹಿಡ್ಕೊಳ್ಳುತ್ತೆ ಅಷ್ಟೇ. ಇನ್ನೊಂದನ್ನ ಹಿಡಿಯೋವಾಗ ಮೊದಲಿನದನ್ನ ಬಿಟ್ಟುಬಿಡುತ್ತೆ.”

ಮೇಷ್ಟ್ರು ಸ್ಕ್ರೀನಿನತ್ತ ಬಗ್ಗಿದರು. ಮರುಕ್ಷಣ ಮುಖ ಅರಳಿತು. “ಹಾಗಿದ್ರೆ ಕಡೇದು ಅದರ ಕೈಯಲ್ಲೇ ಇರ್ಬೇಕಲ್ಲ! ನಾನಿದನ್ನ ಆಫ್ ಮಾಡೋದೇ ಇಲ್ಲ, ಮುಚ್ಚಿಡ್ತೀನಷ್ಟೇ. ಕಡೇ ಭಾನುವಾರ, ಬಲಕ್ಕೆ ತಿರುಗಿಸು ಅಂದ್ರೆ ಇಂಡಿಕೇಟರ್ ಬದಲು ವೈಪರ್ ಹಾಕಿದವನ ಕಥೆ ಹೇಳಿದ್ದೆ. ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕಿದ್ದಳು. ಅದೇ ಸಾಕು, ಅದಕ್ಕೇ ಫ್ರೇಮ್ ಹಾಕಿಸು.”

“ಆಮೇಲೆ ಏನೂ ಕಾಪಿ ಮಾಡಿಲ್ಲ ತಾನೇ?”

“ನಾನ್ಯಾಕೆ ಮಾಡ್ಲಿ?”

ಅವಳು ಖಾಲಿ ಹಾಳೆಯೊಂದನ್ನು ತೆರೆದು ಎರಡು ಕೀ ಒತ್ತಿದಳು.

ಬಂತು. “ನನ್ನ ಅಕ್ಕ ಇಂದು ಬೆಳಿಗ್ಗೆ ತೀರಿಕೊಂಡಳೆಂದು ತಿಳಿಸಲು ವಿಷಾದಿಸುತ್ತೇನೆ.” ನೆಂಟರಿಗೆಲ್ಲ ಮತ್ತೆ ಮತ್ತೆ ಅದನ್ನೇ ಬರೆಯುವ ಧೈರ್ಯವಿಲ್ಲದೆ, ಅಂದು ಒಂದೇ ಸಲ ಬರೆದು ಕಾಪಿ ಮಾಡಿಕೊಂಡಿದ್ದ ಸಾಲು.

“ಅವತ್ತು ನಾನು ಹೇಳೋಕೆ ಬಂದಿದ್ದು…” ಎಂದು ಶುರು ಮಾಡಿದ ಹುಡುಗಿ ಈ ಸಲ ತಾನಾಗಿಯೇ ನಿಲ್ಲಿಸಿದಳು.

“ಹೇಳಮ್ಮ. ಪೂರ್ತಿ ಹೇಳು,” ಎಂದರು ಮೇಷ್ಟ್ರು. ಮೇಜಿನ ಕೆಳಗೆ ಅವರ ಬಲಗಾಲು ಅಲ್ಲಿಲ್ಲದ ಬ್ರೇಕನ್ನು ನೆಲಕ್ಕೆ ಅದುಮಿ ಹಿಡಿದಿತ್ತು.